ಮನೆಯ ಈಜುಕೊಳಕ್ಕೆ ಕ್ಲೀನರ್ ಆರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಈಜುಕೊಳ ಇಟ್ಟುಕೊಂಡವರು ಎದುರು ಸಿಕ್ಕಾಗ, ಪತ್ರ ಬರೆದಾಗ, ಪ್ರತಿಕ್ರಿಯೆ ಹಾಕಿದಾಗ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ತಂದಿದ್ದೇನೆ. ಹೆಚ್ಚಿನವರು ಆರಂಭಿಸುವುದು "ಯಾವ ಯಂತ್ರ ಒಳ್ಳೆಯದು?" ಎಂಬ ಪ್ರಶ್ನೆಯಿಂದ. "ನಿಮ್ಮ ಕೊಳದ ತಳದಲ್ಲಿ ಏನು ಕೂರುತ್ತದೆ?" ಎಂದು ನಾನು ಮರುಪ್ರಶ್ನೆ ಹಾಕುತ್ತೇನೆ. ಅದಕ್ಕೆ ಉತ್ತರ ಸಿಕ್ಕರೆ ಆಯ್ಕೆಯ ಅರ್ಧ ಕೆಲಸ ಮುಗಿದಂತೆಯೇ.

## ಮೊದಲು ತಿಳಿಯಬೇಕಾದದ್ದು

ಪಂಪು, ಫಿಲ್ಟರ್ ಎರಡೂ ಇವೆಯಲ್ಲ, ಮತ್ತೆ ಕ್ಲೀನರ್ ಯಾಕೆ ಬೇಕು?

ಫಿಲ್ಟರ್ ಶುದ್ಧಮಾಡುವುದು ತನ್ನ ಬಳಿಗೆ ಬಂದ ನೀರನ್ನು ಮಾತ್ರ. ಮೇಲೆ ತೇಲುವ ಕಸವನ್ನು, ಗೋಡೆಯಲ್ಲಿ ನೀರಿನ ಮಟ್ಟಕ್ಕಿರುವ ಹೀರುಬಾಯಿಯಾದ ಸ್ಕಿಮ್ಮರ್ ಎಳೆದುಕೊಳ್ಳುತ್ತದೆ, ನೀರಿನಲ್ಲಿ ತೂಗಾಡುವ ಕಣಗಳು ನೀರಿನೊಂದಿಗೆ ಸಾಗಿ ಬರುತ್ತವೆ. ಆದರೆ ನೀರಿಗಿಂತ ಭಾರವಾದ ಮರಳು, ಮಣ್ಣು, ನೆನೆದು ಮುಳುಗಿದ ಎಲೆ ಇವೆಲ್ಲ ತಳದಲ್ಲಿ ಕುಳಿತರೆ ಪಂಪು ದಿನವಿಡೀ ಓಡಿದರೂ ಕದಲುವುದಿಲ್ಲ. ಗೋಡೆಗೆ ಹತ್ತಿದ ಲೋಳೆಯದೂ ಅದೇ ಕಥೆ, ಉಜ್ಜದೆ ಅದು ಬಿಡುವುದಿಲ್ಲ. ತಳದಲ್ಲಿ ಕೂತದ್ದನ್ನು ಎತ್ತುವುದು ಮತ್ತು ಗೋಡೆಗೆ ಅಂಟಿದ್ದನ್ನು ಬಿಡಿಸುವುದು, ಈ ಎರಡು ಕೆಲಸಗಳಿಗಾಗಿಯೇ ಕ್ಲೀನರ್ ಇರುವುದು.

ಕ್ಲೀನರ್ ತಂದರೆ ಕ್ಲೋರಿನ್ ಹಾಕುವುದನ್ನು ಕಡಿಮೆ ಮಾಡಬಹುದೇ?

ಸ್ವಲ್ಪ ಮಟ್ಟಿಗೆ ಕಡಿಮೆಯಾಗಬಹುದು. ತಳದಲ್ಲಿ ಕೊಳೆಯುವ ಎಲೆಯೂ ಗೋಡೆಯ ಲೋಳೆಯೂ ಕ್ಲೋರಿನ್ನನ್ನು ತಿಂದು ಮುಗಿಸುತ್ತವೆ, ಆದ್ದರಿಂದ ಅವುಗಳನ್ನು ಬೇಗ ತೆಗೆದಷ್ಟೂ ಉಳಿತಾಯವೇ. ಹಾಗೆಂದು ಅಳತೆಯನ್ನು ಸಡಿಲಿಸುವಂತಿಲ್ಲ. ಮುಕ್ತ ಕ್ಲೋರಿನ್ (ರೋಗಾಣು ಕೊಲ್ಲಲು ನೀರಿನಲ್ಲಿ ಇನ್ನೂ ಉಳಿದಿರುವ ಕ್ಲೋರಿನ್) 1ರಿಂದ 3 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ) ಮತ್ತು ಪಿಎಚ್ 7.2ರಿಂದ 7.8ರ ನಡುವೆ ಇರಲೇಬೇಕು. ಕಣ್ಣಿಗೆ ಕಾಣುವ ಕಸವನ್ನು ಯಂತ್ರ ತೆಗೆಯುತ್ತದೆ, ಕಾಣದ ರೋಗಾಣುಗಳನ್ನು ಕೊಲ್ಲುವುದು ಕ್ಲೋರಿನ್.

ನಮ್ಮದು ಚಿಕ್ಕ ಕೊಳ. ಕೈಯಿಂದಲೇ ಸ್ವಚ್ಛ ಮಾಡಿಕೊಂಡರೆ ಸಾಲದೇ?

ಧಾರಾಳವಾಗಿ ಸಾಲುತ್ತದೆ. ವಾರಕ್ಕೆ ಒಂದೆರಡು ಗಂಟೆ ಕೊಡಲು ಮನಸ್ಸಿರುವವರಿಗೆ ಉದ್ದ ಕೋಲು, ಬಲೆ, ಬ್ರಷ್, ವ್ಯಾಕ್ಯೂಮ್ ಹೆಡ್ ಮತ್ತು ಅದಕ್ಕೆ ಹೊಂದುವ ಸುರುಳಿ ಪೈಪು ಇದ್ದರೆ ಸಾಕು. ಕೈಕೆಲಸದ ನಿಖರತೆ ಯಾವ ಯಂತ್ರಕ್ಕೂ ಇಲ್ಲವೆಂದೇ ನನ್ನ ಅನಿಸಿಕೆ, ಏಕೆಂದರೆ ಕೊಳೆ ಎಲ್ಲಿದೆ ಎಂಬುದು ಕಣ್ಣಿಗೆ ಕಾಣುತ್ತಿರುತ್ತದೆ.

ಹೆಚ್ಚಿನವರು ಇದನ್ನು ಕೈಬಿಡುವುದು ಪೈಪಿನೊಳಗಿನ ಗಾಳಿಯ ಕಾಟದಿಂದ. ವ್ಯಾಕ್ಯೂಮ್ ಹೆಡ್ಡನ್ನು ಕೋಲಿಗೆ ಸಿಕ್ಕಿಸಿ, ಪೈಪಿನ ಒಂದು ತುದಿಯನ್ನು ಅದಕ್ಕೆ ಜೋಡಿಸಿ ತಳಕ್ಕೆ ಇಳಿಸಿ. ಇನ್ನೊಂದು ತುದಿಯನ್ನು ಶುದ್ಧ ನೀರು ಕೊಳಕ್ಕೆ ಮರಳಿ ಬರುವ ಬಾಯಿಗೆ ಒತ್ತಿ ಹಿಡಿಯಿರಿ. ಪೈಪು ಒಂದೊಂದೇ ಮಡಿಕೆ ತುಂಬಿಕೊಳ್ಳುತ್ತಾ ಭಾರವಾಗುತ್ತದೆ, ತಳದಲ್ಲಿ ಹೆಡ್ಡಿನ ಸುತ್ತ ಗುಳ್ಳೆಗಳು ಬುಳುಬುಳು ಏಳುತ್ತವೆ. ಗುಳ್ಳೆ ಪೂರ್ತಿ ನಿಂತ ಮೇಲೆ ತುದಿಯನ್ನು ಅಂಗೈಯಿಂದ ಮುಚ್ಚಿ, ನೀರಿನಿಂದ ಮೇಲೆತ್ತದೆ ಸ್ಕಿಮ್ಮರ್ ಒಳಕ್ಕೆ ತಂದು ಹೀರುವ ರಂಧ್ರಕ್ಕೆ ಜೋಡಿಸಿ. ಇಷ್ಟು ಮಾಡದೆ ಖಾಲಿ ಪೈಪನ್ನು ಸಿಕ್ಕಿಸಿದರೆ ಪಂಪು ಗಾಳಿ ಹಿಡಿಯುತ್ತದೆ. ಬಳಿಕ ಹೆಡ್ಡನ್ನು ನಿಧಾನವಾಗಿ ಎಳೆಯಬೇಕು. ಅವಸರ ಮಾಡಿದರೆ ಅದರ ಹಿಂದೆಯೇ ಕೊಳೆ ಹೊಗೆಯಂತೆ ಎದ್ದು, ಅರ್ಧ ಗಂಟೆಯ ನಂತರ ಅಲ್ಲಿಯೇ ಮತ್ತೆ ಕೂರುತ್ತದೆ.

ಒಟ್ಟು ಎಷ್ಟು ಬಗೆಯ ಕ್ಲೀನರ್‌ಗಳಿವೆ? ಒಂದೊಂದೂ ಹೇಗೆ ಕೆಲಸ ಮಾಡುತ್ತದೆ?

ತಾನಾಗಿ ಓಡಾಡುವ ಕ್ಲೀನರ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ, ಮೂರಕ್ಕೂ ಶಕ್ತಿಯ ಮೂಲ ಬೇರೆ ಬೇರೆ.

ಸಕ್ಷನ್ ಕ್ಲೀನರ್ ಪಂಪಿನ ಹೀರುವ ಬಲದಿಂದ ನಡೆಯುತ್ತದೆ. ಸ್ಕಿಮ್ಮರ್‌ಗೋ ಗೋಡೆಯಲ್ಲಿರುವ ಪ್ರತ್ಯೇಕ ಹೀರುಬಾಯಿಗೋ ಪೈಪಿನ ಮೂಲಕ ಇದನ್ನು ಜೋಡಿಸುತ್ತಾರೆ. ಇದು ಎತ್ತಿದ ಕಸವೆಲ್ಲ ಪಂಪಿನ ಬುಟ್ಟಿಗೂ ಅಲ್ಲಿಂದ ಫಿಲ್ಟರ್‌ಗೂ ಹೋಗುತ್ತದೆ. ಈ ಬಗೆಯನ್ನು ಮನೆಮಾತಾಗಿಸಿದ್ದು 1974ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಫರ್ಡಿನಾಂಡ್ ಶೋವಿಯೆ ರೂಪಿಸಿದ ಕ್ರೀಪಿ ಕ್ರಾಲಿ. ರಚನೆ ಸರಳ, ಬಿಡಿಭಾಗಗಳು ಕಡಿಮೆ, ಮೂರರಲ್ಲಿ ಸಾಮಾನ್ಯವಾಗಿ ಅಗ್ಗವೂ ಇದೇ.

ಪ್ರೆಷರ್ ಕ್ಲೀನರ್ ನಡೆಯುವುದು ಫಿಲ್ಟರ್‌ನಿಂದ ಮರಳಿ ಬರುವ ನೀರಿನ ಒತ್ತಡದಿಂದ. ಆ ನೀರಿನ ಒಂದು ಧಾರೆ ಗಾಲಿಗಳನ್ನು ತಿರುಗಿಸಿದರೆ, ಕೊಳವೆಯೊಳಗೆ ಮೇಲ್ಮುಖವಾಗಿ ಚಿಮ್ಮುವ ಇನ್ನೊಂದು ಧಾರೆ ತಳದ ಕಸವನ್ನು ತನ್ನೊಂದಿಗೆ ಎಳೆದು ಯಂತ್ರದ ಬೆನ್ನಿಗಿರುವ ಚೀಲಕ್ಕೆ ತುಂಬುತ್ತದೆ. ಕೆಲವು ಮಾದರಿಗಳಿಗೆ ಮುಖ್ಯ ಪಂಪಿನ ಒತ್ತಡ ಸಾಲದೆ, ಜೊತೆಗೆ ಬೂಸ್ಟರ್ ಪಂಪೊಂದು ಬೇಕಾಗುತ್ತದೆ.

ರೋಬೋಟ್‌ಗೆ ಕೊಳದ ಪಂಪಿನ ಹಂಗಿಲ್ಲ. ಒಳಗೇ ಮೋಟಾರು, ಒಳಗೇ ಬ್ರಷ್, ಒಳಗೇ ಫಿಲ್ಟರ್ ಬುಟ್ಟಿ ಇರುತ್ತದೆ. ತಂತಿಯ ಮಾದರಿಗಳಿಗೆ ದಡದ ಮೇಲಿನ ಪೆಟ್ಟಿಗೆಯೊಂದು ಮನೆಯ ವಿದ್ಯುತ್ತನ್ನು ಕಡಿಮೆ ವೋಲ್ಟೇಜಿಗೆ ಇಳಿಸಿ ಕೊಡುತ್ತದೆ, ತಂತಿಯಿಲ್ಲದವು ಬ್ಯಾಟರಿಯಿಂದ ಓಡುತ್ತವೆ.

ಅಂಗಡಿಗೆ ಹೋಗುವ ಮೊದಲು ನಾನು ಏನೇನು ನೋಡಿಟ್ಟುಕೊಳ್ಳಬೇಕು?

ಗಾಳಿಯಿಲ್ಲದ ಒಂದು ರಾತ್ರಿ ಪಂಪನ್ನು ನಿಲ್ಲಿಸಿಬಿಡಿ. ಬೆಳಿಗ್ಗೆ ಯಾರೂ ನೀರಿಗೆ ಇಳಿಯುವ ಮೊದಲು ದಡದ ಮೇಲೆ ಒಂದು ಸುತ್ತು ಬನ್ನಿ. ಕಸ ಎಲ್ಲಿ ಗುಡ್ಡೆಯಾಗಿದೆ, ಯಾವ ಗೋಡೆಗೆ ನೆರಳು ಬೀಳುತ್ತದೆ, ಮೆಟ್ಟಿಲ ಮೂಲೆಯಲ್ಲಿ ಏನಿದೆ ಎಂಬುದನ್ನು ಗಮನಿಸಿ. ಆಮೇಲೆ ಕೋಲಿನ ತುದಿಯಿಂದ ತಳದ ಕೊಳೆಯನ್ನು ಮೆಲ್ಲಗೆ ತಟ್ಟಿ ನೋಡಿ. ಉರುಳಿ ತಕ್ಷಣ ಕೂತರೆ ಮರಳು. ಹೊಗೆಯಂತೆ ಎದ್ದು ತೇಲಿದರೆ ನುಣ್ಣನೆಯ ಧೂಳು ಅಥವಾ ಸತ್ತ ಪಾಚಿ. ಜಾರುವ ಪದರವಾಗಿ ಅಂಟಿಕೊಂಡಿದ್ದರೆ ಜೀವಂತ ಪಾಚಿ.

ಇಷ್ಟಾದ ಮೇಲೆ ಟೇಪು ಹಿಡಿದು ಉದ್ದ, ಅಗಲ, ಎರಡೂ ತುದಿಯ ಆಳವನ್ನು ಬರೆದುಕೊಳ್ಳಿ. ಸ್ಕಿಮ್ಮರ್ ಎಷ್ಟು, ಪ್ರತ್ಯೇಕ ಹೀರುಬಾಯಿ ಇದೆಯೇ, ವಿದ್ಯುತ್ ಪ್ಲಗ್ ನೀರಿನಿಂದ ಎಷ್ಟು ದೂರ, ಕೊಳದ ಒಳಮೈ ಯಾವುದರದ್ದು ಎಂಬುದೂ ಅದೇ ಹಾಳೆಯಲ್ಲಿರಲಿ. ನಾಲ್ಕು ಫೋಟೋಗಳೂ ಇದ್ದರೆ ಮಾರುವವರ ಮಾತಿಗೆ ಪೂರ್ತಿ ಜೋತುಬೀಳಬೇಕಾಗಿಲ್ಲ.

## ಕೊಳಕ್ಕೆ ತಕ್ಕ ಯಂತ್ರ

ಕೊಳದ ಪಕ್ಕದಲ್ಲೇ ಮರಗಳಿವೆ, ದಿನಾ ರಾಶಿ ಎಲೆ ಬೀಳುತ್ತದೆ. ಯಾವುದು ತಡೆದುಕೊಳ್ಳುತ್ತದೆ?

ಎಲೆಗೆ ಪ್ರೆಷರ್ ಕ್ಲೀನರ್ ಒಳ್ಳೆಯದು. ಅದರ ಬಾಯಿ ಅಗಲ, ಚೀಲ ದೊಡ್ಡದು, ಕಸ ಪಂಪಿನವರೆಗೆ ಹೋಗುವುದೇ ಇಲ್ಲ. ದೊಡ್ಡ ಬುಟ್ಟಿಯ ರೋಬೋಟ್ ಕೂಡ ನಿಭಾಯಿಸುತ್ತದೆ, ಆದರೆ ಎಲೆ ಹೆಚ್ಚು ಉದುರುವ ದಿನಗಳಲ್ಲಿ ಅದನ್ನು ನಡುವೆ ಒಮ್ಮೆ ಎತ್ತಿ ಖಾಲಿಮಾಡಬೇಕಾದೀತು. ಸಕ್ಷನ್ ಕ್ಲೀನರ್ ಇಲ್ಲಿ ಸೋಲುತ್ತದೆ, ಏಕೆಂದರೆ ಅಗಲವಾದ ಎಲೆಯೊಂದು ಅದರ ಗಂಟಲಿನಲ್ಲಿ ಅಡ್ಡ ನಿಂತರೆ ಯಂತ್ರ ಅಲ್ಲಿಗೇ ನಿಲ್ಲುತ್ತದೆ ಮತ್ತು ಪಂಪು ನೀರಿಗಾಗಿ ಒದ್ದಾಡುತ್ತದೆ. ಅದೇ ಈಗಾಗಲೇ ನಿಮ್ಮಲ್ಲಿದ್ದರೆ ಪೈಪಿನ ನಡುವೆ ಎಲೆ ಹಿಡಿಯುವ ಡಬ್ಬಿಯೊಂದನ್ನು ಜೋಡಿಸಿಕೊಳ್ಳಿ. ಎಲೆ ತೇಲುತ್ತಿರುವಾಗಲೇ ಬಲೆಯಿಂದ ತೆಗೆಯುವ ಹತ್ತು ನಿಮಿಷದ ಅಭ್ಯಾಸ ಈ ಯಾವ ಯಂತ್ರಕ್ಕಿಂತಲೂ ಹೆಚ್ಚು ಉಪಕಾರಿ.

ಎಲೆಯೇ ಇಲ್ಲ, ಬರೀ ನುಣ್ಣನೆಯ ಧೂಳು. ಕ್ಲೀನರ್ ಓಡಿಸಿದ ಮರುದಿನ ಅದೇ ಜಾಗದಲ್ಲಿ ಮತ್ತೆ ಇರುತ್ತದೆ, ಯಾಕೆ?

ನನಗೆ ಅತಿ ಹೆಚ್ಚು ಬಂದಿರುವ ಪ್ರಶ್ನೆ ಇದು. ಯಂತ್ರ ಕೆಟ್ಟಿದೆ ಎಂದು ತಿಳಿದು ಎರಡನೆಯ ಯಂತ್ರ ಕೊಂಡವರನ್ನೂ ಬಲ್ಲೆ, ಅವರ ಹಣ ವ್ಯರ್ಥವಾದದ್ದಕ್ಕೆ ನಿಜವಾಗಿ ಬೇಸರವಾಗುತ್ತದೆ. ಇಲ್ಲಿ ಆಗುತ್ತಿರುವುದಿಷ್ಟೇ: ಯಂತ್ರ ಧೂಳನ್ನು ಎತ್ತುತ್ತಿದೆ, ಫಿಲ್ಟರ್ ಅದನ್ನು ಹಿಡಿಯುತ್ತಿಲ್ಲ, ನೀರಿನೊಂದಿಗೆ ಮರಳಿ ಬಂದ ಧೂಳು ಹರಿವು ಮಂದವಾಗಿರುವ ಮೂಲೆಯಲ್ಲಿ ಪುನಃ ಕೂರುತ್ತಿದೆ.

ಅಳತೆಯನ್ನು ಹೀಗೆ ಊಹಿಸಿಕೊಳ್ಳಿ. ತಲೆಗೂದಲಿನ ದಪ್ಪ ಹೆಚ್ಚುಕಡಿಮೆ 50ರಿಂದ 100 ಮೈಕ್ರಾನ್. ಮರಳಿನ ಫಿಲ್ಟರ್ ಸಾಧಾರಣವಾಗಿ 20ರಿಂದ 40 ಮೈಕ್ರಾನ್‌ವರೆಗಿನ ಕಣಗಳನ್ನು ಹಿಡಿಯುತ್ತದೆ, ಕಾರ್ಟ್ರಿಜ್ 10ರಿಂದ 20 ಮೈಕ್ರಾನ್‌ವರೆಗೆ, ಡಯಾಟಮ್ ಪುಡಿಯ ಫಿಲ್ಟರ್ 3ರಿಂದ 5 ಮೈಕ್ರಾನ್‌ವರೆಗೆ. ಸತ್ತ ಪಾಚಿಯ ಪುಡಿ ಮತ್ತು ಜೇಡಿಯ ಕಣ ಮರಳಿನ ಫಿಲ್ಟರನ್ನು ಸುಲಭವಾಗಿ ದಾಟುತ್ತವೆ. ರೋಬೋಟಿನ ಸಾಧಾರಣ ಜಾಳಿಗೆಯಂತೂ ಇನ್ನೂ ಒರಟಾದದ್ದು. ಪ್ರೆಷರ್ ಕ್ಲೀನರಿನ ಎಲೆಚೀಲವನ್ನು ಬೆಳಕಿಗೆ ಹಿಡಿದರೆ ಅದರ ಕಣ್ಣುಗಳು ಬರಿಗಣ್ಣಿಗೇ ಕಾಣುತ್ತವೆ.

ಆದ್ದರಿಂದ ಧೂಳಿನ ಕೊಳಕ್ಕೆ ನಾನು ಹೇಳುವುದು ಅತಿ ನುಣುಪಾದ ಜಾಳಿಗೆಯನ್ನು ಬದಲಾಯಿಸಿ ಹಾಕಿಕೊಳ್ಳಬಹುದಾದ ರೋಬೋಟ್. ಕೊಳ್ಳುವ ಮುನ್ನ ಜಾಳಿಗೆಯ ಮೈಕ್ರಾನ್ ಸಂಖ್ಯೆಯನ್ನು ಕೇಳಿ ತಿಳಿಯಿರಿ. ನುಣುಪು ಜಾಳಿಗೆ ಬೇಗ ಕಟ್ಟಿಕೊಳ್ಳುತ್ತದೆ, ಕಟ್ಟಿದಾಗ ಹೀರುವ ಬಲ ಕುಗ್ಗುತ್ತದೆ, ಹೀಗಾಗಿ ಪ್ರತಿ ಸಲವೂ ತೊಳೆಯಲು ಸಿದ್ಧರಿರಬೇಕು. ಮರಳಿನ ಫಿಲ್ಟರ್ ಇರುವವರಿಗೆ ಇನ್ನೊಂದು ದಾರಿಯೂ ಉಂಟು: ವಾಲ್ವನ್ನು ‘ವೇಸ್ಟ್’ ಸ್ಥಾನಕ್ಕೆ ತಿರುಗಿಸಿ, ಕೈಯಿಂದ ವ್ಯಾಕ್ಯೂಮ್ ಮಾಡಿ, ಆ ಧೂಳಿನ ನೀರನ್ನು ಫಿಲ್ಟರ್‌ಗೆ ಹೋಗಗೊಡದೆ ನೇರವಾಗಿ ಹೊರಹಾಕುವುದು. ಕೊಳದ ನೀರು ಇಳಿಯುತ್ತದೆ, ಆದರೆ ಧೂಳು ಮರಳಿ ಬರುವುದಿಲ್ಲ.

ಗೋಡೆ, ಮೆಟ್ಟಿಲು, ನೀರಿನ ಅಂಚಿನ ಜಿಡ್ಡಿನ ಗೆರೆ, ಇಷ್ಟನ್ನೂ ಒಂದೇ ಯಂತ್ರ ಮಾಡಿಕೊಡುತ್ತದೆಯೇ?

ಪೂರ್ತಿಯಾಗಿ ಯಾವುದೂ ಮಾಡಿಕೊಡುವುದಿಲ್ಲ. ಗೋಡೆ ಹತ್ತುವ ರೋಬೋಟ್‌ಗಳು ಗೋಡೆಯನ್ನೂ ಅಂಚಿನ ಗೆರೆಯನ್ನೂ ಸಾಕಷ್ಟು ಚೆನ್ನಾಗಿ ಉಜ್ಜುತ್ತವೆ, ಆದರೆ ಎಲ್ಲ ರೋಬೋಟ್‌ಗಳೂ ಗೋಡೆ ಹತ್ತುವುದಿಲ್ಲ. ಕೆಲವು ತಳಕ್ಕೆ ಮಾತ್ರ, ಕೆಲವು ಗೋಡೆಯ ಅರ್ಧಕ್ಕೆ ಹೋಗಿ ಇಳಿದುಬಿಡುತ್ತವೆ. ತಳವೂ ಗೋಡೆಯೂ ಸೇರುವ ಜಾಗ ದುಂಡಗಿದ್ದರೆ ಹತ್ತುವುದು ಸಲೀಸು, ಅಲ್ಲಿ ನೇರ ಮೂಲೆ ಇದ್ದರೆ ದುರ್ಬಲ ಯಂತ್ರಗಳು ಮೂತಿ ಎತ್ತಿ ಹಿಂದೆ ಸರಿಯುತ್ತವೆ. ಕಿರಿದಾದ ಮೆಟ್ಟಿಲು, ಏಣಿಯ ಹಿಂಬದಿ, ದೀಪದ ಸುತ್ತಲಿನ ಸಂದು ಎಲ್ಲಾ ಯಂತ್ರಗಳಿಗೂ ಬಿಟ್ಟುಹೋಗುವ ಜಾಗಗಳೇ, ಅಲ್ಲಿಗೆ ವಾರಕ್ಕೊಮ್ಮೆ ಕೈಬ್ರಷ್ ಬೇಕು. ಅಂಚಿನ ಗೆರೆ ಮೈಯ ಎಣ್ಣೆ ಮತ್ತು ಸನ್‌ಸ್ಕ್ರೀನಿನ ಜಿಡ್ಡಿನಿಂದಾದದ್ದು. ಹಸಿಯಿರುವಾಗ ಸ್ಪಂಜಿನಿಂದ ಒರೆಸಿದರೆ ಹೋಗುತ್ತದೆ, ಒಣಗಿ ಸುಣ್ಣದ ಪದರದೊಂದಿಗೆ ಗಟ್ಟಿಯಾದರೆ ಬಹಳ ತೊಂದರೆ ಕೊಡುತ್ತದೆ.

ನಮ್ಮದು ಲೈನರ್ ಕೊಳ (ಒಳಮೈಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದು), ಬ್ರಷ್ ಗೀರು ಬೀಳಿಸುವುದಿಲ್ಲವೇ? ಟೈಲ್ಸ್ ಇದ್ದವರು ಏನು ನೋಡಬೇಕು?

ವಿನೈಲ್ ಲೈನರ್‌ಗೂ ಫೈಬರ್‌ಗ್ಲಾಸಿಗೂ ಮೃದುವಾದ ಬ್ರಷ್ ಮತ್ತು ಚೂಪು ಅಂಚುಗಳಿಲ್ಲದ ಗಾಲಿ ಇರುವ ಯಂತ್ರವನ್ನೇ ತೆಗೆದುಕೊಳ್ಳಬೇಕು. ಗಾಲಿಗೆ ಸಿಕ್ಕಿದ ಸಣ್ಣ ಕಲ್ಲು ಕೂಡ ಲೈನರನ್ನು ಸೀಳಬಲ್ಲದು, ಹಾಗಾಗಿ ನೀರಿಗೆ ಬಿಡುವ ಮುನ್ನ ಯಂತ್ರವನ್ನು ತಲೆಕೆಳಗು ಮಾಡಿ ನೋಡುವುದು ಒಳ್ಳೆಯದು. ನುಣುಪಾದ ಟೈಲ್ಸಿನಲ್ಲಿ ಸಮಸ್ಯೆ ಬೇರೆ: ಸಾಧಾರಣ ರಬ್ಬರ್ ಬ್ರಷ್ ಗೋಡೆ ಹತ್ತುವಾಗ ಜಾರುತ್ತದೆ. ಅಲ್ಲಿ ಪಿವಿಎ ಫೋಮ್ ಎಂಬ ಸ್ಪಂಜಿನಂಥ ಬ್ರಷ್ ಹಿಡಿತ ಕೊಡುತ್ತದೆ. ಅದು ಒಣಗಿದಾಗ ಗಟ್ಟಿಯಾಗಿದ್ದು, ನೆನೆದ ಮೇಲಷ್ಟೇ ಮೃದುವಾಗುವುದರಿಂದ ಮೊದಲ ಕೆಲವು ನಿಮಿಷ ಯಂತ್ರ ಜಾರಿದರೆ ಗಾಬರಿಯಾಗಬೇಡಿ. ಒರಟು ಸಿಮೆಂಟ್ ಮೈಗೆ ಗಟ್ಟಿ ಕೂದಲಿನ ಬ್ರಷ್ ನಡೆಯುತ್ತದೆ. ಉಕ್ಕಿನ ತಂತಿಯ ಕೈಬ್ರಷ್ಷನ್ನು ಲೈನರ್, ಫೈಬರ್‌ಗ್ಲಾಸ್, ಟೈಲ್ಸ್ ಯಾವುದರ ಮೇಲೂ ಬಳಸಬಾರದು.

ಕೊಳಕ್ಕೆ ಒಂದೇ ಸ್ಕಿಮ್ಮರ್ ಇದೆ. ಸಕ್ಷನ್ ಕ್ಲೀನರ್ ಹಾಕಬಹುದೇ?

ಹಾಕಬಹುದು, ಆದರೆ ಯಂತ್ರ ಓಡುತ್ತಿರುವಷ್ಟು ಹೊತ್ತು ಸ್ಕಿಮ್ಮರಿನ ಹೀರುವಿಕೆ ಯಂತ್ರದ ಪಾಲಾಗುವುದರಿಂದ ಮೇಲೆ ತೇಲುವ ಕಸವನ್ನು ಎಳೆದುಕೊಳ್ಳುವವರಿರುವುದಿಲ್ಲ. ತೇಲಿದ ಎಲೆ ನೆನೆದು ಮುಳುಗುತ್ತದೆ, ಮುಳುಗಿದ್ದನ್ನು ಅದೇ ಕ್ಲೀನರ್ ಎತ್ತಬೇಕಾಗುತ್ತದೆ. ಹಾಗಾಗಿ ಇಡೀ ದಿನ ಅದನ್ನು ಜೋಡಿಸಿಡದೆ, ಎರಡು ಮೂರು ಗಂಟೆ ಓಡಿಸಿ ಬಿಚ್ಚಿಡುವುದು ಸರಿ.

ನೆಲದ ಮೇಲೆ ನಿಲ್ಲಿಸುವ, ಬಿಚ್ಚಿ ಮಡಚುವ ಕೊಳಕ್ಕೆ ಏನು ಬೇಕು?

ಇಂಥ ಕೊಳಗಳ ಪಂಪು ಸಣ್ಣದಾದ್ದರಿಂದ ಸಕ್ಷನ್, ಪ್ರೆಷರ್ ಎರಡಕ್ಕೂ ಸಾಮಾನ್ಯವಾಗಿ ಬಲ ಸಾಲುವುದಿಲ್ಲ. ತಳವನ್ನಷ್ಟೇ ಗುಡಿಸುವ ಹಗುರವಾದ ಬ್ಯಾಟರಿ ರೋಬೋಟ್ ಅಥವಾ ಕೈಯಲ್ಲಿ ಹಿಡಿಯುವ ಬ್ಯಾಟರಿ ವ್ಯಾಕ್ಯೂಮ್ ಸಾಕು. ಮೆತ್ತಗಿನ ಗೋಡೆಯನ್ನು ಯಂತ್ರ ಹತ್ತುವ ಪ್ರಶ್ನೆಯೇ ಇಲ್ಲವಾದ್ದರಿಂದ ಆ ಸೌಲಭ್ಯಕ್ಕೆ ಹಣ ಕೊಡಬೇಡಿ.

ಉಪ್ಪಿನಿಂದ ಕ್ಲೋರಿನ್ ಮಾಡುವ ಕೊಳ ನಮ್ಮದು. ರೋಬೋಟ್ ತುಕ್ಕು ಹಿಡಿಯುತ್ತದೆಯೇ?

ಇಂಥ ಕೊಳಗಳಲ್ಲಿ ಉಪ್ಪು ಸಾಮಾನ್ಯವಾಗಿ 3000ದಿಂದ 4000 ಪಿಪಿಎಂ ಇರುತ್ತದೆ, ಅಂದರೆ ಲೀಟರಿಗೆ 3ರಿಂದ 4 ಗ್ರಾಂ. ಸಮುದ್ರದ ನೀರಿನಲ್ಲಿ ಅದು ಸುಮಾರು 35 ಗ್ರಾಂ. ಹೆಚ್ಚಿನ ರೋಬೋಟ್‌ಗಳು ಈ ಉಪ್ಪನ್ನು ತಾಳಿಕೊಳ್ಳುತ್ತವೆ, ಆದರೂ ಉಪ್ಪುನೀರಿನ ಕೊಳಕ್ಕೆ ವಾರಂಟಿ ಅನ್ವಯಿಸುತ್ತದೆಯೇ ಎಂದು ಓದಿ ನೋಡಿ, ಪ್ರತಿ ಬಳಕೆಯ ನಂತರ ಸಿಹಿನೀರಿನಿಂದ ತೊಳೆಯಿರಿ.

## ಖರ್ಚು ಮತ್ತು ಕೊಳ್ಳುವ ಲೆಕ್ಕ

ರೋಬೋಟ್ ಕರೆಂಟ್ ಜಾಸ್ತಿ ತಿನ್ನುವುದಿಲ್ಲವೇ?

ವಾಸ್ತವವಾಗಿ ಮೂರರಲ್ಲಿ ಕಡಿಮೆ ತಿನ್ನುವುದೇ ರೋಬೋಟ್. 150 ವ್ಯಾಟ್‌ನ ರೋಬೋಟ್ ಎರಡೂವರೆ ಗಂಟೆ ಓಡಿದರೆ ಅರ್ಧ ಯುನಿಟ್ಟೂ ಆಗುವುದಿಲ್ಲ. ಒಂದು ಅಶ್ವಶಕ್ತಿಯ ಪಂಪು ಗಂಟೆಗೆ ಸುಮಾರು ಒಂದು ಯುನಿಟ್ ಎಳೆಯುತ್ತದೆ. ಸಕ್ಷನ್ ಕ್ಲೀನರ್‌ಗಾಗಿಯೇ ಆ ಪಂಪನ್ನು ಮೂರು ಗಂಟೆ ಹೆಚ್ಚು ಓಡಿಸಿದರೆ ಮೂರು ಯುನಿಟ್ ಹೆಚ್ಚಾಯಿತು. ನೀರಿನ ಸುತ್ತಾಟಕ್ಕೆ ಪಂಪು ಹೇಗೂ ಓಡುವ ಹೊತ್ತಿನಲ್ಲಿಯೇ ಅದನ್ನು ಜೋಡಿಸಿದರೆ ಈ ಹೆಚ್ಚುವರಿ ಬೀಳುವುದಿಲ್ಲ. ಬೂಸ್ಟರ್ ಪಂಪು ಬೇಡುವ ಪ್ರೆಷರ್ ಕ್ಲೀನರ್‌ಗೆ ಎರಡೂ ಪಂಪು ಒಟ್ಟಿಗೆ ಓಡಬೇಕಾದ್ದರಿಂದ ಖರ್ಚು ಎಲ್ಲಕ್ಕಿಂತ ಹೆಚ್ಚು.

ತಂತಿ ಇರುವ ರೋಬೋಟ್ ಒಳ್ಳೆಯದೋ, ಬ್ಯಾಟರಿಯದೋ?

ದೊಡ್ಡ ಕೊಳವನ್ನು ವಾರಕ್ಕೆ ಮೂರು ನಾಲ್ಕು ಸಲ ಶುದ್ಧಮಾಡಬೇಕಾದವರಿಗೆ ತಂತಿಯದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅದರ ಹೀರುವ ಬಲ ಮೊದಲ ನಿಮಿಷದಿಂದ ಕೊನೆಯ ನಿಮಿಷದವರೆಗೆ ಒಂದೇ ಸಮ ಇರುತ್ತದೆ. ಬ್ಯಾಟರಿಯ ಯಂತ್ರದಲ್ಲಿ ತಂತಿ ಸುತ್ತಿಕೊಳ್ಳುವ ರಗಳೆ ಇಲ್ಲ, ಪ್ಲಗ್ ಹತ್ತಿರವಿರಬೇಕೆಂದಿಲ್ಲ, ಚಿಕ್ಕ ಮತ್ತು ಮಧ್ಯಮ ಕೊಳಗಳಿಗೆ ಬಹಳ ಅನುಕೂಲ. ಆದರೆ ಲಿಥಿಯಂ ಬ್ಯಾಟರಿ ವರ್ಷ ಕಳೆದಂತೆ ಸೊರಗುತ್ತದೆ, ಮೊದಲ ವರ್ಷ ಇಡೀ ಕೊಳ ಮುಗಿಸುತ್ತಿದ್ದ ಯಂತ್ರ ಮುಂದೆ ನಡುವೆಯೇ ನಿಲ್ಲಬಹುದು. ಬ್ಯಾಟರಿಯನ್ನಷ್ಟೇ ಬದಲಾಯಿಸಿಕೊಡುತ್ತಾರೋ, ಇಡೀ ಯಂತ್ರವನ್ನೇ ಬಿಸಾಡಬೇಕೋ ಎಂಬುದನ್ನು ಕೊಳ್ಳುವ ದಿನವೇ ಬರೆಸಿಕೊಳ್ಳಿ. ಕೆಲಸ ಮುಗಿದ ಮೇಲೆ ತಳದಲ್ಲೇ ಉಳಿಯದೆ ಅಂಚಿಗೆ ಬಂದು ನಿಲ್ಲುವ ಮಾದರಿಯಾದರೆ ಎತ್ತುವುದು ಸುಲಭ.

ತಂತಿಯದನ್ನು ಕೊಳ್ಳುವವರು ತಂತಿಯ ಉದ್ದವನ್ನು ಕೊಳದ ಉದ್ದಕ್ಕೆ ಹೋಲಿಸಿದರೆ ಸಾಲದು. ಪೆಟ್ಟಿಗೆ ಇಡುವ ಜಾಗದಿಂದ ನೀರಿನವರೆಗಿನ ದೂರ, ಅಲ್ಲಿಂದ ಅತಿ ದೂರದ ಮೂಲೆ, ಅಲ್ಲಿನ ಆಳ, ಈ ಮೂರನ್ನೂ ಕೂಡಿಸಿ ಮೇಲೆ ಒಂದೆರಡು ಮೀಟರ್ ಹೆಚ್ಚಿಟ್ಟುಕೊಳ್ಳಬೇಕು.

ಮೊಬೈಲ್ ಆ್ಯಪ್, ಮ್ಯಾಪಿಂಗ್, ಕ್ಯಾಮೆರಾ, ಇವಕ್ಕೆಲ್ಲ ಹೆಚ್ಚು ಹಣ ಕೊಡಬೇಕೇ?

ದಿಕ್ಕು ಹಿಡಿದು ಸಾಲುಸಾಲಾಗಿ ಸಾಗುವ ಯಂತ್ರಕ್ಕೆ ಕೊಟ್ಟ ಹಣ ವ್ಯರ್ಥವಲ್ಲ. ದಿಕ್ಕುದೆಸೆಯಿಲ್ಲದೆ ಅಲೆಯುವ ಯಂತ್ರ ಒಂದೇ ಜಾಗವನ್ನು ಹತ್ತು ಸಲ ಗುಡಿಸಿ ಇನ್ನೊಂದನ್ನು ಬಿಟ್ಟುಬಿಡುತ್ತದೆ. ಬಳುಕಿದ ಆಕಾರದ ಕೊಳದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ದಿನ ನಿಗದಿಪಡಿಸುವ ಟೈಮರ್ ಕೂಡ ಉಪಯುಕ್ತ. ಇವೆರಡನ್ನು ದಾಟಿದ ಮೇಲಿನ ಸೌಲಭ್ಯಗಳಿಗಿಂತ, ಮೇಲಿನಿಂದಲೇ ತೆರೆದು ತೆಗೆಯಬಹುದಾದ ಬುಟ್ಟಿಯನ್ನು ನಾನು ಹೆಚ್ಚು ಬೆಲೆಯುಳ್ಳದ್ದೆಂದು ಎಣಿಸುತ್ತೇನೆ. ಬುಟ್ಟಿ ತೆಗೆಯುವುದು ಕಷ್ಟವಾದರೆ ಮನೆಯವರು ಎರಡನೆಯ ವಾರದಿಂದಲೇ ಆ ಕೆಲಸವನ್ನು ಮುಂದೂಡಲು ತೊಡಗುತ್ತಾರೆ, ತುಂಬಿದ ಬುಟ್ಟಿಯ ಯಂತ್ರ ಎಷ್ಟು ಜಾಣನಾಗಿದ್ದರೂ ಪ್ರಯೋಜನವಿಲ್ಲ.

ಕೊಳ್ಳುವಾಗ ಅಂಗಡಿಯವರನ್ನು ತಪ್ಪದೆ ಕೇಳಬೇಕಾದದ್ದು ಏನು?

ಬಿಡಿಭಾಗಗಳು ಸಿಗುತ್ತವೆಯೇ ಎಂದು ಕೇಳಿ. ಬ್ರಷ್, ಪಟ್ಟಿ, ಜಾಳಿಗೆ, ಸಕ್ಷನ್ ಕ್ಲೀನರಿನ ಡಯಾಫ್ರಮ್ ಮತ್ತು ತಳಪಟ್ಟಿ, ಇವೆಲ್ಲ ಸವೆಯಲೆಂದೇ ಇರುವ ಭಾಗಗಳು. ನನ್ನ ಮೊದಲ ರೋಬೋಟಿನ ಮೋಟಾರು ಗಟ್ಟಿಮುಟ್ಟಾಗಿಯೇ ಇತ್ತು. ಸವೆದದ್ದು ಅಂಗೈ ಅಗಲದ ಒಂದು ರಬ್ಬರ್ ಪಟ್ಟಿ, ಅದು ಎಲ್ಲಿಯೂ ಸಿಗದೆ ಇಡೀ ಯಂತ್ರ ಮೂಲೆ ಸೇರಿತು. ಮಾರಿದವರು ಆ ಮಾದರಿ ನಿಂತುಹೋಗಿದೆ ಎಂದಷ್ಟೇ ಹೇಳಿದರು. ಅಂದಿನಿಂದ ಯಂತ್ರದ ಜೊತೆಯಲ್ಲೇ ಒಂದು ಜೊತೆ ಪಟ್ಟಿ ಮತ್ತು ಬ್ರಷ್ ತೆಗೆದಿಟ್ಟುಕೊಳ್ಳುವುದನ್ನು ರೂಢಿಮಾಡಿಕೊಂಡಿದ್ದೇನೆ. ಯಂತ್ರವನ್ನು ಒಮ್ಮೆ ಕೈಯಿಂದ ಎತ್ತಿ ನೋಡುವುದೂ ಅಗತ್ಯ, ಏಕೆಂದರೆ ನೀರು ತುಂಬಿದಾಗ ಅದು ಇನ್ನೂ ಭಾರವಾಗುತ್ತದೆ, ಎತ್ತಬೇಕಾದವರು ಮನೆಯ ಹಿರಿಯರಾಗಿದ್ದರೆ ತೂಕವೇ ನಿರ್ಣಾಯಕ.

## ಬಳಕೆ ಮತ್ತು ಸುರಕ್ಷತೆ

ಕ್ಲೀನರ್ ಓಡುತ್ತಿರುವಾಗ ಮಕ್ಕಳು ಈಜಬಹುದೇ?

ಖಂಡಿತ ಬೇಡ, ಯಾವ ಬಗೆಯ ಕ್ಲೀನರ್ ಆದರೂ ಬೇಡ. ರೋಬೋಟ್ ವಿಷಯದಲ್ಲಿ ವಿದ್ಯುತ್ತಿನ ಅಪಾಯವಿದೆ. ಕಡಿಮೆ ವೋಲ್ಟೇಜಿನದಾದರೂ ದಡದ ಪೆಟ್ಟಿಗೆಗೆ ಬರುವುದು ಮನೆಯ ಪೂರ್ಣ ವೋಲ್ಟೇಜ್. ಆದ್ದರಿಂದ ಪೆಟ್ಟಿಗೆಯನ್ನು ತಯಾರಕರು ಹೇಳಿದಷ್ಟು ದೂರದಲ್ಲಿ, ನೀರು ಸಿಡಿಯದ ನೆರಳಿನಲ್ಲಿ ಇಟ್ಟು, ವಿದ್ಯುತ್ ಸೋರಿದರೆ ತಕ್ಷಣ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇರುವ ಪ್ಲಗ್ಗಿಗೇ ಜೋಡಿಸಬೇಕು. ಎಕ್ಸ್‌ಟೆನ್ಷನ್ ವೈರನ್ನು ಹುಲ್ಲಿನ ಮೇಲೆ ಎಳೆದು ತರುವುದು ಬೇಡವೇ ಬೇಡ.

ಸಕ್ಷನ್ ಕ್ಲೀನರ್ ವಿಷಯದಲ್ಲಿ ಅಪಾಯ ಹೀರುವಿಕೆಯದು. ಗೋಡೆಯ ಹೀರುಬಾಯಿಯಿಂದ ಪೈಪನ್ನು ಬಿಚ್ಚಿದ ಕೂಡಲೇ ಸ್ಪ್ರಿಂಗ್ ಮುಚ್ಚಳ ತಾನಾಗಿ ಮುಚ್ಚಿಕೊಳ್ಳಬೇಕು. ಆ ಮುಚ್ಚಳ ಮುರಿದಿದ್ದರೆ ಮಗುವಿನ ಕೂದಲೋ ಕೈಯೋ ಅದಕ್ಕೆ ಸಿಕ್ಕಿ ನೀರಿನಡಿಯಲ್ಲೇ ಹಿಡಿದಿಡಬಲ್ಲದು. ಮುಚ್ಚಳ ಸರಿಯಾಗುವವರೆಗೆ ಆ ಹೀರುಬಾಯಿಯ ಪೈಪಿನ ವಾಲ್ವನ್ನು ಮುಚ್ಚಿ, ಕೊಳಕ್ಕೆ ಯಾರನ್ನೂ ಇಳಿಸಬೇಡಿ. ಪಂಪನ್ನು ತಕ್ಷಣ ನಿಲ್ಲಿಸುವ ಸ್ವಿಚ್ ಎಲ್ಲಿದೆ ಎಂಬುದು ಮನೆಯ ಎಲ್ಲರಿಗೂ ಗೊತ್ತಿರಲಿ.

ಎಷ್ಟು ದಿನಕ್ಕೊಮ್ಮೆ ಓಡಿಸಬೇಕು? ಯಂತ್ರವನ್ನು ನೀರಿನಲ್ಲೇ ಬಿಡಬಹುದೇ?

ಈಜುವ ಕಾಲದಲ್ಲಿ ವಾರಕ್ಕೆ ಎರಡು ಮೂರು ಸಲ, ಗಾಳಿಮಳೆಯ ಮರುದಿನ ತಪ್ಪದೆ ಒಂದು ಸಲ ಎಂಬುದು ಹೆಚ್ಚಿನ ಕೊಳಗಳಿಗೆ ಹೊಂದುವ ಲೆಕ್ಕ. ಕೆಲಸ ಮುಗಿದ ಮೇಲೆ ರೋಬೋಟನ್ನು ಹೊರತೆಗೆಯಬೇಕು. ಸದಾ ಕ್ಲೋರಿನ್ ನೀರಿನಲ್ಲಿದ್ದರೆ ರಬ್ಬರ್ ಪೆಡಸಾಗುತ್ತದೆ, ಬಿಸಿಲಿನಲ್ಲಿಟ್ಟರೆ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ, ಹಾಗಾಗಿ ತೊಳೆದು ನೆರಳಿಗೆ ಸೇರಿಸಿ. ಕ್ಲೋರಿನ್ನಿನ ದೊಡ್ಡ ಪ್ರಮಾಣ ಸುರಿಯುವ ದಿನ ಯಾವ ಕ್ಲೀನರ್ ಕೂಡ ನೀರಿನಲ್ಲಿರಬಾರದು. ಮೇಲೆತ್ತುವಾಗ ತಂತಿಯಿಂದ ಅಂಚಿನವರೆಗೆ ಮೆಲ್ಲಗೆ ತಂದುಕೊಳ್ಳಬಹುದು, ನೀರಿನಿಂದ ಎತ್ತುವುದು ಮಾತ್ರ ಹಿಡಿಕೆಯಿಂದಲೇ ಆಗಬೇಕು. ಎತ್ತಿದ ಮೇಲೆ ಅಂಚಿನಲ್ಲಿ ಹತ್ತು ಹದಿನೈದು ಸೆಕೆಂಡು ಹಿಡಿದರೆ ಒಳಗಿನ ನೀರು ಇಳಿದು ತೂಕ ತಗ್ಗುತ್ತದೆ.

ನಮ್ಮ ಕ್ಲೀನರ್ ಒಂದೇ ಮೂಲೆಯಲ್ಲಿ ಸುತ್ತುತ್ತಿರುತ್ತದೆ. ಏನು ಮಾಡಲಿ?

ಸಕ್ಷನ್ ಕ್ಲೀನರ್ ಆದರೆ ಮೊದಲು ಪೈಪು ನೋಡಿ. ಹೀರುಬಾಯಿಯಿಂದ ಅತಿ ದೂರದ ಮೂಲೆಯನ್ನು ಮುಟ್ಟಿ, ಮೇಲೆ ಒಂದು ತುಂಡಿನಷ್ಟು ಉದ್ದ ಉಳಿದರೆ ಸಾಕು. ಸುರುಳಿ ಸುತ್ತಿಟ್ಟ ಪೈಪು ಆ ಸುರುಳಿಯನ್ನೇ ನೆನಪಿಟ್ಟುಕೊಂಡು ಯಂತ್ರವನ್ನು ಒಂದೇ ಕಡೆ ಎಳೆಯುತ್ತದೆ, ಅದನ್ನು ಬಿಸಿಲಿನಲ್ಲಿ ನೇರವಾಗಿ ಚಾಚಿಟ್ಟರೆ ಸರಿಹೋಗುತ್ತದೆ. ನೀರು ಮರಳಿ ಬರುವ ಬಾಯಿಗಳ ಧಾರೆ ಯಂತ್ರವನ್ನು ತಳ್ಳುತ್ತಿರಲೂಬಹುದು, ಅವುಗಳ ಮೂತಿಯನ್ನು ಸ್ವಲ್ಪ ಬೇರೆಡೆಗೆ ತಿರುಗಿಸಿ. ರೋಬೋಟಿನ ತಂತಿಗೂ ಇದೇ ಬಿಸಿಲಿನ ಉಪಚಾರ ಒಪ್ಪುತ್ತದೆ. ಒಂದು ಬದಿಯ ಪಟ್ಟಿ ಸವೆದಿದ್ದರೂ ರೋಬೋಟ್ ಸುತ್ತುತ್ತದೆ, ಎರಡೂ ಬದಿಯವನ್ನು ಒಟ್ಟಿಗೇ ಬದಲಾಯಿಸುವುದು ಮೇಲು.

## ಇನ್ನಷ್ಟು ಆಳಕ್ಕೆ ಹೋಗುವವರಿಗೆ

ನೀರು ಪೂರ್ತಿ ಹಸಿರಾಗಿದೆ. ರೋಬೋಟ್ ಬಿಟ್ಟರೆ ತಿಳಿಯಾಗುತ್ತದೆಯೇ?

ಆಗುವುದಿಲ್ಲ. ಹಸಿರು ನೀರು ರಸಾಯನದ ಸಮಸ್ಯೆ. ಮೊದಲು ಬಲೆಯಿಂದ ದೊಡ್ಡ ಕಸ ತೆಗೆದು, ಪಿಎಚ್ ಸರಿಪಡಿಸಿ, ಗೋಡೆಗಳನ್ನು ಉಜ್ಜಿ, ಕ್ಲೋರಿನ್ನನ್ನು ಹೆಚ್ಚಿನ ಮಟ್ಟಕ್ಕೆ ಏರಿಸಿ ಪಾಚಿಯನ್ನು ಕೊಲ್ಲಬೇಕು. ಉಜ್ಜದಿದ್ದರೆ ಪಾಚಿಯ ಮೇಲಿನ ಲೋಳೆಪದರ ಕ್ಲೋರಿನ್ನನ್ನು ಒಳಗೆ ಬಿಡುವುದಿಲ್ಲ. ಪಂಪು ಎಡೆಬಿಡದೆ ಓಡುತ್ತಿರಲಿ, ಫಿಲ್ಟರ್ ಕಟ್ಟಿದಾಗಲೆಲ್ಲ ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆಯುವ ಬ್ಯಾಕ್‌ವಾಶ್ ಮಾಡಿ. ನೀರು ಹಸಿರಿನಿಂದ ಬೂದುಬಣ್ಣಕ್ಕೆ ತಿರುಗಿದರೆ ಪಾಚಿ ಸತ್ತಿದೆ ಎಂದರ್ಥ. ಆಗ ಪಟಿಕದಂಥ ಹೆಪ್ಪುಗಟ್ಟಿಸುವ ರಸಾಯನ ಬೆರೆಸಿ, ಪಂಪು ನಿಲ್ಲಿಸಿ ರಾತ್ರಿಯಿಡೀ ಬಿಟ್ಟರೆ ಸತ್ತ ಪಾಚಿ ತಳದಲ್ಲಿ ಹಾಸಿದಂತೆ ಕೂರುತ್ತದೆ. ಅದನ್ನು ಕೈಯಿಂದ, ‘ವೇಸ್ಟ್’ ಸ್ಥಾನದಲ್ಲಿ, ಉಸಿರು ಬಿಗಿಹಿಡಿದಷ್ಟು ನಿಧಾನವಾಗಿ ಹೀರಿ ಹೊರಹಾಕಬೇಕು. ರೋಬೋಟಿನ ಸರದಿ ಕ್ಲೋರಿನ್ ಮಾಮೂಲು ಮಟ್ಟಕ್ಕೆ ಇಳಿದ ಮೇಲೆ, ಉಳಿದ ಪುಡಿಯನ್ನು ಬಳಿಯಲು.

ವೇಗ ಬದಲಿಸಬಹುದಾದ (ವೇರಿಯಬಲ್ ಸ್ಪೀಡ್) ಪಂಪು ಹಾಕಿಸಿದ ಮೇಲೆ ಸಕ್ಷನ್ ಕ್ಲೀನರ್ ನಡೆಯುತ್ತಲೇ ಇಲ್ಲ. ಯಂತ್ರದ ದೋಷವೇ?

ದೋಷವಲ್ಲ, ಎರಡರ ಸ್ವಭಾವವೇ ಬೇರೆ. ಪಂಪಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಹರಿವು ಅರ್ಧವಾಗುತ್ತದೆ, ಬೇಕಾಗುವ ಶಕ್ತಿ ಮಾತ್ರ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಎರಡರಷ್ಟು ಹೊತ್ತು ಓಡಿಸಿ ಅಷ್ಟೇ ನೀರನ್ನು ಸುತ್ತಿಸಿದರೂ ವಿದ್ಯುತ್ತು ಕಾಲುಭಾಗದಷ್ಟೇ ಸಾಕು. ಉಳಿತಾಯದ ಗುಟ್ಟು ಈ ನಿಧಾನದಲ್ಲಿದೆ. ಸಕ್ಷನ್ ಕ್ಲೀನರ್ ನಡೆಯಲು ಬೇಕಾದದ್ದು ಅದಕ್ಕೆ ವಿರುದ್ಧವಾದ ಬಿರುಸಾದ ಹರಿವು. ಟೈಮರಿನಲ್ಲಿ ದಿನಕ್ಕೆ ಎರಡು ಗಂಟೆ ಮಾತ್ರ ವೇಗ ಏರಿಸಿ ಆಗ ಕ್ಲೀನರ್ ಓಡಿಸುವುದು ಒಂದು ರಾಜಿ. ಹೊಸದಾಗಿ ಕೊಳ್ಳುವವರಾದರೆ ಇಂಥ ಪಂಪಿನೊಂದಿಗೆ ರೋಬೋಟನ್ನೇ ಜೋಡಿಸಿ.

ಹೊಸ ಕೊಳ ಕಟ್ಟಿಸುತ್ತಿದ್ದೇವೆ. ಕ್ಲೀನರ್‌ಗಾಗಿ ಈಗಲೇ ಏನಾದರೂ ಮಾಡಿಸಿಡಬೇಕೇ?

ಈಗ ಮಾಡಿಸಿದರೆ ಸುಲಭ, ಆಮೇಲೆ ಗೋಡೆ ಒಡೆಯಬೇಕಾಗುತ್ತದೆ. ತಳ ಮತ್ತು ಗೋಡೆ ಸೇರುವಲ್ಲಿ ದುಂಡಗಿನ ತಿರುವು ಕೊಡಿಸಿ. ಸ್ಕಿಮ್ಮರ್ ಎರಡಿರಲಿ, ಅದರಲ್ಲೊಂದು ಗಾಳಿ ಸಾಮಾನ್ಯವಾಗಿ ಕಸವನ್ನು ತಳ್ಳಿಕೊಂಡು ಹೋಗುವ ದಿಕ್ಕಿನಲ್ಲಿರಲಿ. ಕ್ಲೀನರ್‌ಗೆಂದು ಪ್ರತ್ಯೇಕ ಹೀರುಬಾಯಿ ಬೇಕೆನಿಸಿದರೆ ಅದನ್ನು ಉದ್ದದ ಗೋಡೆಯ ನಡುಭಾಗದಲ್ಲಿ, ತಾನಾಗಿ ಮುಚ್ಚುವ ಮುಚ್ಚಳದೊಂದಿಗೆ ಹಾಕಿಸಿ. ನಡುವಿದ್ದರೆ ಪೈಪು ಚಿಕ್ಕದಾಗುತ್ತದೆ. ಮುಂದೆ ರೋಬೋಟ್ ತರುವಿರೆಂದು ಆರ್‌ಸಿಸಿಬಿ ಇರುವ, ಮಳೆ ತಾಗದ ಪ್ಲಗ್ ಒಂದನ್ನೂ ಅದರ ಪಕ್ಕದಲ್ಲೇ ನೆರಳು, ನಲ್ಲಿ, ಯಂತ್ರವನ್ನಿಡುವಷ್ಟು ಜಾಗವನ್ನೂ ನಕ್ಷೆಯಲ್ಲೇ ಗುರುತು ಮಾಡಿಸಿ. ಒಳಮೈ ಸಿಮೆಂಟ್ ಪ್ಲಾಸ್ಟರಿನದಾದರೆ ನೀರು ತುಂಬಿದ ಮೊದಲ 28 ದಿನ ಗಾಲಿಯಿರುವ ಯಾವ ಯಂತ್ರವನ್ನೂ ಇಳಿಸಬೇಡಿ. ಅಷ್ಟೂ ದಿನ ಮೃದುವಾದ ಕೈಬ್ರಷ್ ಮಾತ್ರ ಬಳಸಿ, ಏಕೆಂದರೆ ಹಸಿ ಪ್ಲಾಸ್ಟರಿನ ಮೇಲೆ ಬಿದ್ದ ಗಾಲಿಯ ಗೆರೆ ಮತ್ತೆ ಅಳಿಸುವುದಿಲ್ಲ.